ದೋಣಿಯನ್ನು ಗಾಳಿಗೆ ಬಿಟ್ಟು ಟ್ರೌಟ್ ಹಿಡಿಯುವುದು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಸಾಗರದ ಕಡೆಯವನು. ಶರಾವತಿ ಹಿನ್ನೀರಿನ ದಂಡೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದೆ. ಈಗ ಐರ್ಲೆಂಡಿನ ಗಾಲ್ವೇಯಲ್ಲಿ ಕೆಲಸ. ಮೇ ತಿಂಗಳಲ್ಲಿ ಇಲ್ಲಿನ ಗೆಳೆಯರೊಬ್ಬರು ಟ್ರೌಟ್ ಎಂಬ ಸಿಹಿನೀರಿನ ಮೀನು ಹಿಡಿಯಲು ಕಾರಿಬ್ ಸರೋವರಕ್ಕೆ ಕರೆದೊಯ್ದರು. ಎಂಜಿನ್ ನಿಲ್ಲಿಸಿ ದೋಣಿಯನ್ನು ಗಾಳಿ ಒಯ್ದ ಕಡೆಗೆ ಬಿಟ್ಟರು. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ನನ್ನ ಕೃತಕ ನೊಣದ ಬಳಿ ಮೀನುಗಳು ಎದ್ದವು, ಒಂದೂ ಸಿಕ್ಕಲಿಲ್ಲ. ಅದೇ ದೋಣಿಯಲ್ಲಿ ಅವರಿಗೆ ಸಿಕ್ಕವು. ಲಂಗರು ಹಾಕಿ ಒಂದೇ ಕಡೆ ನಿಂತಿದ್ದರೆ ನನಗೂ ಸಿಗುತ್ತಿತ್ತೇ?

ಉತ್ತರ: ಇಲ್ಲ. ಲಂಗರು ಹಾಕಿದ್ದರೆ ಎದ್ದ ಮೀನುಗಳೂ ಬಹುಶಃ ಕಾಣುತ್ತಿರಲಿಲ್ಲ. ಹೊಳೆಯಲ್ಲಿ ಟ್ರೌಟ್ ನೀರಿನ ಸೆಳೆತಕ್ಕೆ ಮುಖ ಮಾಡಿ ಒಂದೆಡೆ ನಿಲ್ಲುತ್ತದೆ, ಆಹಾರ ಅದರ ಬಾಯಿಗೇ ತೇಲಿ ಬರುತ್ತದೆ. ಸರೋವರದಲ್ಲಿ ಅಂಥ ಸೆಳೆತ ಇಲ್ಲ. ಅಲ್ಲಿ ಮೀನೇ ಆಹಾರ ಹುಡುಕಿಕೊಂಡು ತಿರುಗಬೇಕು. ನೀರಿನ ಹುಳುಗಳು ಮೇಲೇಳುವ ಹೊತ್ತಿನಲ್ಲಿ ಅದು ಅಲೆಗಳ ಕೆಳಗೇ, ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಸಾಗುತ್ತದೆ. ನಿಮ್ಮ ದೋಣಿ ಗಾಳಿಯ ಜೊತೆ ಹೋಗುತ್ತಿರುತ್ತದೆ, ಮೀನು ಎದುರಿನಿಂದ ಬರುತ್ತಿರುತ್ತದೆ. ಇಬ್ಬರಿಗೂ ಭೇಟಿ ಮಾಡಿಸುವುದೇ ಈ ಪದ್ಧತಿ. ಕಾರಿಬ್‌ನ ವಿಸ್ತಾರ ಸುಮಾರು 176 ಚದರ ಕಿಲೋಮೀಟರ್. ಅಷ್ಟು ನೀರಿನಲ್ಲಿ ಹುಡುಕುವ ಕೆಲಸವನ್ನು ಗಾಳಿಗೆ ವಹಿಸುವುದೇ ಜಾಣತನ.

ನಿಮಗೆ ಮೀನು ತಪ್ಪಿದ್ದಕ್ಕೆ ನನಗೆ ತೋರುವ ಕಾರಣ ಸಡಿಲ ದಾರ. ನೀವು ದೋಣಿಯ ಮುಂದೆ, ಗಾಳಿ ಹೋಗುವ ದಿಕ್ಕಿಗೇ ದಾರ ಎಸೆಯುತ್ತೀರಿ. ಎಸೆದ ಗಳಿಗೆಯಿಂದ ದೋಣಿ ಆ ನೊಣದ ಕಡೆಗೇ ನುಗ್ಗುತ್ತಿರುತ್ತದೆ. ದೋಣಿಗಿಂತ ಬೇಗ ದಾರ ಎಳೆದುಕೊಳ್ಳದಿದ್ದರೆ ನಡುವೆ ದಾರ ಜೋತುಬೀಳುತ್ತದೆ. ಮೀನು ನೊಣವನ್ನು ಬಾಯಿಗೆ ಹಾಕಿ, ಹುಸಿ ಎಂದು ತಿಳಿದು, ಉಗುಳಿ ಹೋದರೂ ನಿಮ್ಮ ಕೈಗೆ ಗೊತ್ತಾಗುವುದಿಲ್ಲ. ಎರೆಹುಳುವಿನ ಗಾಳದಲ್ಲಿ ಕಾಯುವುದೇ ಗುಣ. ಇಲ್ಲಿ ಎಡಗೈ ಒಂದು ಕ್ಷಣವೂ ಸುಮ್ಮನಿರಬಾರದು.

ದೂರ ಎಸೆಯುವ ಆಸೆಯನ್ನೂ ಬಿಡಿ. ಎಂಟು ಹತ್ತು ಮೀಟರ್ ಸಾಕು. ಈ ಸರೋವರಗಳಲ್ಲಿ ಒಂದು ದಾರಕ್ಕೆ ಮೂರು ನೊಣ ಕಟ್ಟುವುದು ರೂಢಿ. ನಿಮಗೆ ಅತಿ ಹತ್ತಿರದ್ದೇ ಮುಖ್ಯವಾದದ್ದು. ದಾರ ಅರ್ಧಕ್ಕೂ ಹೆಚ್ಚು ಬಂದ ಮೇಲೆ ಕೋಲನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಆ ನೊಣ ಅಲೆಯ ನೆತ್ತಿಗೆ ಬಂದು ಗೀರು ಎಳೆಯುತ್ತಾ ಓಡುತ್ತದೆ. ಅಲ್ಲೇ ಒಂದೆರಡು ಉಸಿರಿನಷ್ಟು ಹೊತ್ತು ತಡೆಯಿರಿ. ಹಿಂದಿನಿಂದ ಬರುತ್ತಿದ್ದ ಟ್ರೌಟ್ ಮನಸ್ಸು ಮಾಡುವುದು ಎಷ್ಟೋ ಸಲ ಆ ತಡೆಯಲ್ಲೇ. ಹೊಸಬರು ಇಷ್ಟು ಹತ್ತಿರ ಬಂದ ಮೇಲೆ ಇನ್ನೇನಿದೆ ಎಂದು ದಾರ ಕಿತ್ತು ಮತ್ತೆ ಎಸೆಯುತ್ತಾರೆ. ದಿನದ ಒಳ್ಳೆಯ ಮೀನನ್ನು ಹೀಗೆ ಕೈಯಾರೆ ಬಿಟ್ಟುಕೊಡುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಗಾಳಿ ಜೋರಾದರೆ ಡ್ರೋಗ್ ಬಳಸಿ. ಇದು ನೀರಿನೊಳಗೆ ಪ್ಯಾರಾಚೂಟಿನಂತೆ ಅರಳಿ ದೋಣಿಯನ್ನು ಹಿಂದಕ್ಕೆ ಜಗ್ಗುವ ಬಟ್ಟೆ. ಗಾಳಿ ಬಡಿಯುವ ಮಗ್ಗುಲಿನ ನಟ್ಟನಡುವೆ ಕಟ್ಟಿದರೆ ದೋಣಿ ಅಡ್ಡಡ್ಡಲಾಗಿ, ನೇರವಾಗಿ ಸಾಗುತ್ತದೆ. ಒಂದು ತುದಿಗೆ ಸರಿಸಿದರೆ ಓರೆಯಾಗಿ ಸಾಗುತ್ತದೆ. ದಡದ ತಿರುವಿಗೆ ಹೊಂದಿಕೊಂಡು ಹೋಗಲು ಅನುಭವಸ್ಥ ಅಂಬಿಗರು ಇದನ್ನೇ ಮಾಡುತ್ತಾರೆ. ಎಂಜಿನ್ ಶುರು ಮಾಡುವ ಮೊದಲು ಅದನ್ನು ಮೇಲೆಳೆದುಕೊಳ್ಳಲೇಬೇಕು, ಇಲ್ಲವಾದರೆ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ದೋಣಿಯನ್ನು ಎಲ್ಲಿ ಗಾಳಿಗೆ ಬಿಡಬೇಕು? ಸುಣ್ಣಕಲ್ಲಿನ ದಿಬ್ಬಗಳ ಅಂಚಿನಲ್ಲಿ, ಎರಡು ಮೂರು ಮೀಟರ್ ಆಳದ ನೀರಿನಲ್ಲಿ. ಗಾಳಿಯುದ್ದಕ್ಕೂ ನೊರೆಯ ಪಟ್ಟಿ ಕಂಡರೆ ಅದರ ಮೇಲೆ. ಬಿದ್ದ ಹುಳುಗಳೆಲ್ಲ ಆ ಪಟ್ಟಿಯಲ್ಲಿ ಕೂಡಿಕೊಂಡಿರುತ್ತವೆ. ಮುಗಿದ ಮೇಲೆ ಬಂದ ದಾರಿಯಲ್ಲೇ ಎಂಜಿನ್ ಓಡಿಸಿ ವಾಪಸಾಗಬೇಡಿ, ದೂರದಿಂದ ಬಳಸಿಕೊಂಡು ಹೋಗಿ. ಬೇರೊಬ್ಬರ ದೋಣಿಯ ಮುಂದೆ, ಗಾಳಿ ಹೋಗುವ ಕಡೆ, ನುಗ್ಗಬೇಡಿ. ಆ ನೀರು ಅವರದು.

ಯಾವ ನೊಣ ಎಂದು ನೀವು ಕೇಳಿಲ್ಲ, ಒಳ್ಳೆಯದಾಯಿತು. ಗ್ರೀನ್ ಪೀಟರ್, ಬಿಬಿಯೋ, ಗೋಲ್ಡನ್ ಆಲಿವ್ ಬಂಬಲ್ ಎಲ್ಲವೂ ನಡೆಯುತ್ತವೆ. ದಾರ ಬಿಗಿಯಾಗಿಲ್ಲದಿದ್ದರೆ ಯಾವುದೂ ನಡೆಯುವುದಿಲ್ಲ.

ಪ್ರಶ್ನೆ: ಕಾರಿಬ್ ದಂಡೆಯ ಊಕ್ಟರಾರ್ಡ್ ಊರಿನ ಬಳಿ ಕೆಲವರು ಬಹಳ ಉದ್ದದ ಕೋಲು ಹಿಡಿದು, ದಾರ ಎಸೆಯದೆ ಗಾಳಿಯಲ್ಲಿ ಹಾರಿಸುತ್ತಾ ಕೂತಿದ್ದರು. ಅದೇನು?

ಉತ್ತರ: ಅದು ಡ್ಯಾಪಿಂಗ್. ನಾಲ್ಕೂವರೆ ಐದು ಮೀಟರ್ ಕೋಲು, ಗಾಳಿಗೆ ಉಬ್ಬುವ ಹಗುರ ನೂಲು, ಅದರ ತುದಿಯ ಕೊಕ್ಕೆಯಲ್ಲಿ ಮೇಫ್ಲೈ ಎಂಬ ಜೀವಂತ ರೆಕ್ಕೆಹುಳು. ದೋಣಿ ತೇಲುತ್ತಿರುವಾಗ ಹುಳು ಮಾತ್ರ ನೀರಿಗೆ ತಾಗಬೇಕು, ನೂಲು ತಾಗಬಾರದು. ಮೇಫ್ಲೈ ಮರಿ ಕೆಸರಿನಲ್ಲಿ ಸುಮಾರು ಎರಡು ವರ್ಷ ಬೆಳೆದು, ಮೇ ತಿಂಗಳಲ್ಲಿ ಮೇಲೆದ್ದು ರೆಕ್ಕೆ ಪಡೆದು, ಏನನ್ನೂ ತಿನ್ನದೆ ಕೆಲವೇ ದಿನಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಆ ಕೆಲವು ವಾರ ದೊಡ್ಡ ಟ್ರೌಟ್‌ಗಳೂ ಎಚ್ಚರ ಮರೆತು ಮೇಲೆ ಬರುತ್ತವೆ. ಎಸೆಯಲು ಬಾರದವರೂ ಮೊದಲ ದಿನವೇ ಹಿಡಿಯಬಹುದಾದ ವಿಧಾನ ಇದು. ಕಲಿಯಬೇಕಾದದ್ದು ಒಂದೇ: ಮೀನು ಹುಳುವನ್ನು ತೆಗೆದುಕೊಂಡಾಗ ಕೋಲನ್ನು ಕೂಡಲೇ ಎಳೆಯದಿರುವುದು. ಕೋಲನ್ನು ತಗ್ಗಿಸಿ, ಮೀನು ತಲೆ ತಿರುಗಿಸಿ ಕೆಳಗಿಳಿಯಲು ಬಿಡಿ, ಆಮೇಲೆ ಎತ್ತಿ.

ಪ್ರಶ್ನೆ: ಡಬ್ಲಿನ್‌ನಲ್ಲಿದ್ದೇವೆ. ಸ್ವಂತದ ಚಿಕ್ಕ ದೋಣಿ ಇದೆ. ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಕಾರಿಬ್‌ಗೆ ಹೋಗಬಹುದೇ? ಪರವಾನಗಿ ಬೇಕೇ?

ಉತ್ತರ: ಖಂಡಿತ ಹೋಗಿ. ಐರ್ಲೆಂಡ್ ಗಣರಾಜ್ಯದಲ್ಲಿ ನಾವು ಇಲ್ಲಿ ಹಿಡಿಯುವ ಕಂದು ಟ್ರೌಟ್‌ಗೆ ಸರ್ಕಾರಿ ಪರವಾನಗಿ ಬೇಡ. ಸಾಲ್ಮನ್ ಮತ್ತು ಸಮುದ್ರ ಟ್ರೌಟ್‌ಗೆ ಬೇಕು. ಇಟ್ಟುಕೊಳ್ಳಬಹುದಾದ ಮೀನಿನ ಅಳತೆಗೂ ಸಂಖ್ಯೆಗೂ ಮಿತಿ ಇದೆ, ಆ ವರ್ಷದ ನಿಯಮ ಓದಿಕೊಂಡೇ ಹೊರಡಿ. ಇಲ್ಲಿನವು ಕಾಡು ಮೀನುಗಳು, ಅಕ್ಕಪಕ್ಕದ ತೊರೆಗಳಲ್ಲೇ ಮೊಟ್ಟೆಯಿಟ್ಟು ಬೆಳೆದವು. ಮನೆಗೆ ಒಂದು ಸಾಕು ಎನ್ನುವುದು ನನ್ನ ಅಭಿಪ್ರಾಯ.

ಏಳು ಮೀಟರಿಗಿಂತ ಚಿಕ್ಕ ದೋಣಿಯ ತೆರೆದ ಭಾಗದಲ್ಲಿ ಲೈಫ್ ಜಾಕೆಟ್ ಕಾನೂನಿನ ಪ್ರಕಾರವೇ ಕಡ್ಡಾಯ. ಮಗಳಿಗೆ ಅವಳ ಅಳತೆಯದ್ದೇ ಇರಲಿ. ಎಲ್ಲರೂ ಕನ್ನಡಕ ಹಾಕಿ, ಟೋಪಿ ಇಡಿ. ಗಾಳಿಗೆ ಹಾರುವ ಕೊಕ್ಕೆ ಕಣ್ಣನ್ನು ನೋಡಿ ಬರುವುದಿಲ್ಲ. ನೀವು ಬಲಗೈಯವರಾದರೆ, ಗಾಳಿ ಹೋಗುವ ಕಡೆ ಮುಖ ಮಾಡಿದಾಗ ದೋಣಿಯ ಬಲತುದಿಯಲ್ಲಿ ಕೂರಿ. ಆಗ ನಿಮ್ಮ ಕೋಲು ಮಗಳ ತಲೆಯ ಮೇಲೆ ಆಡುವುದಿಲ್ಲ. ಎದ್ದು ನಿಂತು ಎಸೆಯುವುದು ಬೇಡವೇ ಬೇಡ. ನೀರಿನ ಮಟ್ಟದ ಕೆಳಗೇ ಬಂಡೆಗಳಿವೆ, ಮೊದಲ ಸಲ ಸ್ಥಳೀಯ ಅಂಬಿಗರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಇನ್ನೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗಿನಿಂದ ಬಂದ ಜೀಬ್ರಾ ಮಸಲ್ ಎಂಬ ಚಿಪ್ಪು ಮತ್ತು ಲ್ಯಾಗರೋಸೈಫನ್ ಎಂಬ ನೀರುಕಳೆ ಈ ಸರೋವರವನ್ನು ಈಗಾಗಲೇ ಬಾಧಿಸಿವೆ. ಇಂಥವು ಒಂದು ನೀರಿನಿಂದ ಇನ್ನೊಂದಕ್ಕೆ ದಾಟಲು ದೋಣಿಗಳೇ ದೊಡ್ಡ ದಾರಿ. ಅಲ್ಲಿಗೆ ಹೋಗುವ ಮೊದಲೂ ಅಲ್ಲಿಂದ ಬಂದ ಮೇಲೂ ದೋಣಿ, ಟ್ರೇಲರ್, ಡ್ರೋಗ್, ಹಗ್ಗ, ಬಲೆ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತಳದಲ್ಲಿ ನಿಂತ ನೀರನ್ನು ಸರೋವರದ ದಂಡೆಯಲ್ಲೇ ಚೆಲ್ಲಿ, ಸೆರೆಯಾದ ಕಳೆಯ ಚೂರನ್ನೂ ಆರಿಸಿ ತೆಗೆದು ಹೊರಡಿ.