ಕಾರಿನಲ್ಲಿ ದಾರಿ ನೋಡಲು ಫೋನೇ ಸಾಕೇ, ಬೇರೆ ಜಿಪಿಎಸ್ ಕೊಳ್ಳಬೇಕೇ?

"ನೆಟ್‌ವರ್ಕ್ ಸಿಗದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡಲ್ಲವಲ್ಲ, ಅದಕ್ಕೇ ಹಳೆಯದೊಂದು ಜಿಪಿಎಸ್ ಸಾಧನ ಕಡಿಮೆಗೆ ಸಿಗ್ತಿದೆ, ತಗೊಳ್ಳೋಣ ಅಂತಿದ್ದೀನಿ" ಎಂದು ಬರೆದಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ಕಂಡಲ್ಲ, ನನ್ನನ್ನೇ ನೆನೆದು. ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ಇದಕ್ಕಿಂತ ಜೋರಾಗಿ ಹೇಳಿಕೊಂಡು ತಿರುಗಿದವನು ನಾನು.

ರಾತ್ರಿ ಎಂಟು ಗಂಟೆ ದಾಟಿತ್ತು. ಕಾಡಿನ ನಡುವೆ ಬೆಟ್ಟ ಇಳಿಯುವ ರಸ್ತೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಅಪ್ಪ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ ಮಗಳು. ಫೋನಿನಲ್ಲಿ ನೆಟ್‌ವರ್ಕ್ ಹೋಗಿ ಆಗಲೇ ಅರ್ಧ ಗಂಟೆಯಾಗಿತ್ತು. ಅದು ನಮಗೆ ಗೊತ್ತೇ ಆಗಿರಲಿಲ್ಲ, ಏಕೆಂದರೆ ದಾರಿ ಹೇಳುವ ದನಿ ನಿಂತಿರಲಿಲ್ಲ. "ಮುನ್ನೂರು ಮೀಟರ್ ಮುಂದೆ ಎಡಕ್ಕೆ" ಅನ್ನುತ್ತಿತ್ತು, ನಾನು ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಪೆಟ್ರೋಲ್ ಮುಳ್ಳು ಕೆಂಪು ಗೆರೆಗೆ ಬಂದಿದ್ದು ಕಣ್ಣಿಗೆ ಬಿತ್ತು. ಹತ್ತಿರ ಎಲ್ಲಾದರೂ ಬಂಕ್ ಇದೆಯಾ ನೋಡೋಣ ಅಂತ ಗಾಡಿ ಪಕ್ಕಕ್ಕೆ ಹಾಕಿದೆ. ಪರದೆಯ ಮೂಲೆಯಲ್ಲಿ ಒಂದು ಇಂಟು ಮಾರ್ಕ್ ಇರುತ್ತದಲ್ಲ, ಅದನ್ನು ಒತ್ತಿದೆ.

ನಾನು ಮಾಡಿದ ತಪ್ಪು ಅಷ್ಟೇ. ಆದರೆ ಅದು ಯಾಕೆ ತಪ್ಪು ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ನನಗೆ ಅದು ತಿಳಿಯಲು ಎರಡು ವರ್ಷ ಹಿಡಿಯಿತು, ದುಡ್ಡೂ ದಂಡವಾಯಿತು.

ಹೊರಡುವಾಗ ಮನೆಯಲ್ಲಿ ನೆಟ್‌ವರ್ಕ್ ಇತ್ತು. ಊರಿನ ಹೆಸರು ಹಾಕಿ 'ಶುರು' ಒತ್ತಿದಾಗ ಆ್ಯಪ್ ಇಡೀ ದಾರಿಯನ್ನು ಲೆಕ್ಕ ಹಾಕಿಸಿಕೊಂಡು, ಎಲ್ಲೆಲ್ಲಿ ತಿರುವು, ಎಷ್ಟೆಷ್ಟು ದೂರ, ಆ ದಾರಿಯ ಅಕ್ಕಪಕ್ಕದ ಒಂದಿಷ್ಟು ನಕ್ಷೆ, ಎಲ್ಲವನ್ನೂ ಗಂಟು ಕಟ್ಟಿ ಫೋನಿಗೆ ಇಳಿಸಿಕೊಂಡಿತ್ತು. ಆಮೇಲೆ ಅದಕ್ಕೆ ಬೇಕಾಗಿದ್ದು ಒಂದೇ: ಈಗ ಗಾಡಿ ಆ ಗೆರೆಯ ಮೇಲೆ ಎಲ್ಲಿದೆ? ಅದನ್ನು ಹೇಳುವುದು ಉಪಗ್ರಹ, ಮೊಬೈಲ್ ಟವರ್ ಅಲ್ಲ. ಹಾಗಾಗಿಯೇ ಟವರ್ ಇಲ್ಲದ ಕಾಡಿನಲ್ಲೂ ದನಿ ನಿಂತಿರಲಿಲ್ಲ. ಇಂಟು ಮಾರ್ಕ್ ಒತ್ತಿದಾಗ ಆ ಗಂಟನ್ನು ನಾನೇ ಬಿಚ್ಚಿ ಬಿಸಾಕಿದೆ. ಹೊಸ ಗಂಟು ಕಟ್ಟಿಕೊಡಲು ಮತ್ತೆ ನೆಟ್‌ವರ್ಕ್ ಬೇಕು, ಅದು ಅಲ್ಲಿರಲಿಲ್ಲ.

ಬಂಕ್ ಹುಡುಕಿದರೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಹೋಗಲಿ ಅಂತ ಮತ್ತೆ ಊರಿನ ಹೆಸರು ಹಾಕಿದೆ. ಸಂಪರ್ಕವಿಲ್ಲ ಎಂದಿತು. ಗಾಬರಿಯಲ್ಲಿ ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಎಳೆದಾಡಿದೆ. ಇದ್ದ ಚೂರು ರಸ್ತೆಯೂ ಮಾಯವಾಯಿತು. ಖಾಲಿ ಬೂದು ಚೌಕಗಳು, ನಡುವೆ ಒಂದು ನೀಲಿ ಚುಕ್ಕೆ. ಗಾಡಿ ಸ್ವಲ್ಪ ಮುಂದೆ ಬಿಟ್ಟರೆ ಚುಕ್ಕೆಯೂ ಮುಂದೆ ಹೋಯಿತು.

"ರೀ, ಅದು ಇನ್ನೂ ನಮ್ಮ ಜೊತೇಲೇ ಬರ್ತಿದೆಯಲ್ಲ" ಅಂದಳು ಹೆಂಡತಿ.

"ಬಂದರೇನು, ಜಿಪಿಎಸ್ ಹೋಗಿದೆ ಕಣೇ" ಅಂದೆ ನಾನು.

ಜಿಪಿಎಸ್ ಹೋಗಿರಲಿಲ್ಲ. ಆ ನೀಲಿ ಚುಕ್ಕೆಯೇ ಜಿಪಿಎಸ್. ಹೋಗಿದ್ದು ನಕ್ಷೆ. ಅವಳು ನೋಡಿದ್ದನ್ನು ಹೇಳಿದಳು, ನಾನು ಕೇಳಿದ್ದನ್ನು ಹೇಳಿದೆ.

ಮುಂದಿನ ಕವಲಿನಲ್ಲಿ ಅಂದಾಜಿನ ಮೇಲೆ ಬಲಕ್ಕೆ ಹೋದೆ. ಹದಿನೆಂಟು ಕಿಲೋಮೀಟರ್ ಆದಮೇಲೆ ರಸ್ತೆಗೆ ಅಡ್ಡಲಾಗಿ ಗೇಟು, ಗೇಟಿಗೆ ಬೀಗ. ತಿರುಗಿಸಿಕೊಂಡು ಬರುವಾಗ ಅಪ್ಪ "ಹಿಂದೆ ಒಂದು ಮನೇಲಿ ದೀಪ ಇತ್ತು ಕಣೋ, ನಾ ನೋಡ್ದೆ" ಎಂದರು. ನೋಡಿದಾಗಲೇ ಹೇಳಬಾರದಿತ್ತೇ ಅಂತ ನಾನು ರೇಗಿದೆ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ಮನೆಯವರು ತಮ್ಮ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ಇಳಿಸಿಕೊಟ್ಟು, ದಾರಿಯನ್ನೂ ಹೇಳಿ ಕಳಿಸಿದರು.

ಮುಂದಿನ ವಾರವೇ ಜಿಪಿಎಸ್ ಸಾಧನ ತಂದೆ. ಗಾಜಿಗೆ ಕಚ್ಚಿಕೊಳ್ಳುವ ರಬ್ಬರಿನ ಬಟ್ಟಲು, ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ವೈರು, ದಪ್ಪ ಅಂಚಿನ ಪರದೆ. ಇದು ನೇರವಾಗಿ ಉಪಗ್ರಹದ ಜೊತೆ ಮಾತಾಡುತ್ತೆ, ಫೋನಿನ ಹಾಗಲ್ಲ ಅಂತ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತಾರಲ್ಲ, ಹಾಗೆ.

ಏಕೆಂದರೆ ಎರಡೂ ಮಾಡುವುದು ಒಂದೇ ಕೆಲಸ, ಮತ್ತು ಯಾವುದೂ ಉಪಗ್ರಹದ ಜೊತೆ ಮಾತಾಡುವುದಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂದು ಸಾರುತ್ತಲೇ ಇರುತ್ತವೆ. ನಾಲ್ಕು ಉಪಗ್ರಹಗಳ ದನಿ ಕಿವಿಗೆ ಬಿದ್ದರೆ ನೀವು ಎಲ್ಲಿದ್ದೀರಿ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಸಿಮ್ ಬೇಡ, ಡೇಟಾ ಬೇಡ. ಇವತ್ತಿನ ಬಹುತೇಕ ಫೋನ್‌ಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೇಯ್ಡೌ ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತವೆ. ಈ ವಿಷಯದಲ್ಲಿ ನಿಮಗೆ ಸಿಗುತ್ತಿರುವ ಹಳೆಯ ಸಾಧನಕ್ಕಿಂತ ನಿಮ್ಮ ಜೇಬಿನ ಫೋನೇ ಚುರುಕಾಗಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಓಡಲ್ಲ ಅನ್ನುವ ಮಾತು ಹುಟ್ಟಿದ್ದು ಎಲ್ಲಿಂದ? ಅದರಲ್ಲಿ ಚೂರು ನಿಜವಿದೆ. ಉಪಗ್ರಹ ತನ್ನ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆ ವೇಗದಲ್ಲಿ ಕಳಿಸುತ್ತದೆ. ಒಂದು ಉಪಗ್ರಹದ ಕಕ್ಷೆಯ ವಿವರ ಪೂರ್ತಿ ಕೈಸೇರಲು ಅರ್ಧ ನಿಮಿಷ ಬೇಕು, ಎಲ್ಲ ಉಪಗ್ರಹಗಳ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ. ಫೋನು ಅಷ್ಟು ಕಾಯದೆ ಅದೇ ವಿವರವನ್ನು ಇಂಟರ್ನೆಟ್‌ನಿಂದ ಎಳೆದುಕೊಂಡುಬಿಡುತ್ತದೆ. ಡೇಟಾ ಇಲ್ಲದ ಕಡೆ ಫೋನನ್ನು ಆಗಷ್ಟೇ ಆನ್ ಮಾಡಿದರೆ ಚುಕ್ಕೆ ಮೂಡಲು ತಡವಾಗುತ್ತದೆ. ಆಕಾಶ ಕಾಣುವ ಜಾಗದಲ್ಲಿ ಒಂದೆರಡು ನಿಮಿಷ ಸುಮ್ಮನಿದ್ದರೆ ಸಾಮಾನ್ಯವಾಗಿ ಬರುತ್ತದೆ. ಆದರೆ ಅಷ್ಟು ಹೊತ್ತು ಸುಮ್ಮನಿರುವವರು ಯಾರು?

ನನ್ನ ಸಾಧನದ ಕಥೆಗೆ ಬರುತ್ತೇನೆ. ಮೊದಲ ವರ್ಷ ಚೆನ್ನಾಗಿಯೇ ಇತ್ತು, ನಕ್ಷೆ ಅದರ ಹೊಟ್ಟೆಯಲ್ಲೇ ಇತ್ತಲ್ಲ. ಆ ನಕ್ಷೆಯನ್ನು ಹೊಸದು ಮಾಡಲು ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿ ಗಂಟೆಗಟ್ಟಲೆ ಬಿಡಬೇಕಿತ್ತು. ಈ ಭಾನುವಾರ ಮಾಡೋಣ, ಮುಂದಿನ ಭಾನುವಾರ ಮಾಡೋಣ ಅಂತ ಎರಡು ವರ್ಷ ಕಳೆಯಿತು. ಒಂದು ದಿನ ಹೊಸದಾಗಿ ಆದ ಬೈಪಾಸ್ ರಸ್ತೆಯಲ್ಲಿ ಹೋಗುತ್ತಿದ್ದೆ. ಪರದೆಯಲ್ಲಿ ನಮ್ಮ ಕಾರಿನ ಬಾಣ ಹಸಿರು ಬಯಲಿನ ಮೇಲೆ ತೇಲಿಕೊಂಡು ಹೋಗುತ್ತಿದೆ, ಸುತ್ತ ಎಲ್ಲೂ ರಸ್ತೆಯಿಲ್ಲ. "ಸಾಧ್ಯವಾದಾಗ ಯು-ಟರ್ನ್ ತೆಗೆದುಕೊಳ್ಳಿ" ಎಂದು ಗೋಗರೆಯುತ್ತಿದೆ. ಸಮಾಧಾನವಾಗದೆ ಫೋನಿನಲ್ಲೂ ದಾರಿ ಹಾಕಿದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.

ಮಗಳು ಆಗ ಸ್ವಲ್ಪ ದೊಡ್ಡವಳಾಗಿದ್ದಳು. "ಅಪ್ಪಾ, ನಾವು ಗದ್ದೆ ಮೇಲೆ ಹೋಗ್ತಿದೀವಾ?" ಎಂದಳು. ಆ ಬಾಣ ನೋಡಿದಾಗ ನನಗೆ ಬೂದು ಚೌಕಗಳ ನಡುವಿನ ನೀಲಿ ಚುಕ್ಕೆ ನೆನಪಾಯಿತು. ಅಲ್ಲೂ ನಾವೆಲ್ಲಿದ್ದೇವೆ ಅನ್ನುವುದು ಸರಿಯಾಗಿಯೇ ಇತ್ತು. ಇಲ್ಲೂ ಸರಿಯಾಗಿಯೇ ಇದೆ. ಅಲ್ಲಿ ನಕ್ಷೆ ಇರಲಿಲ್ಲ, ಇಲ್ಲಿ ಹಳಸಿದೆ.

ಆದ್ದರಿಂದ ಫೋನಾ ಸಾಧನವಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೇಳಬೇಕಾದ್ದು, ಹೊರಡುವ ಹೊತ್ತಿಗೆ ತಾಜಾ ನಕ್ಷೆ ನಿಮ್ಮ ಗಾಡಿಯೊಳಗೆ ಇರುತ್ತದಾ ಅಂತ. ಇರುವುದಾದರೆ ಫೋನು ಸಾಕು. ಇಲ್ಲದಿದ್ದರೆ ಸಾಧನ ತಂದರೂ ನನ್ನ ಹಾಗೆ ಗದ್ದೆ ಮೇಲೆ ಹೋಗುತ್ತೀರಿ.

ಆ ಹಳೆಯ ಸಾಧನವನ್ನಂತೂ ತಗೊಳ್ಳಲೇಬೇಡಿ. ನಕ್ಷೆ ಹಳೆಯದಾಗಿರುವುದು ಒಂದು ಕಡೆ, ಇನ್ನೊಂದು ಸಂಗತಿಯೂ ಇದೆ. ಜಿಪಿಎಸ್ ಸಂಕೇತದಲ್ಲಿ ವಾರದ ಲೆಕ್ಕ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಕಳೆದ ಸಲ ಹಾಗಾಗಿದ್ದು 2019ರ ಏಪ್ರಿಲ್ 6ಕ್ಕೆ. ಅದಕ್ಕೆ ಸಿದ್ಧವಾಗದ, ಸಾಫ್ಟ್‌ವೇರ್ ಹೊಸದಾಗದ ಹಳೆಯ ಸಾಧನಗಳು ತಾರೀಖು ತಪ್ಪುತ್ತವೆ. ಮಾರುವವರು ಇದನ್ನು ಹೇಳುವುದಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಸಾಧನಕ್ಕೆ ಅದರದೇ ಗುಣ ಇಲ್ಲವೆಂದಲ್ಲ. ಬಿಸಿಲಿನಲ್ಲಿ ಗಾಜಿಗೆ ಅಂಟಿಕೊಂಡೂ ತಾಳುತ್ತದೆ, ನಡುವೆ ಕರೆ ಬಂದು ಪರದೆಯನ್ನು ಮುಚ್ಚುವುದಿಲ್ಲ. ಲಾರಿಗೆಂದೇ ಮಾಡಿದ ಸಾಧನಗಳು ವಾಹನದ ಎತ್ತರ, ತೂಕ ಕೇಳಿಕೊಂಡು ತಗ್ಗಿನ ಸೇತುವೆ ತಪ್ಪಿಸಿ ದಾರಿ ತೋರುತ್ತವೆ. ನಾನು ಲಾರಿ ಓಡಿಸುತ್ತಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ನೀವು ಬರೆದಿರುವುದು ಕಾರು.

ಫೋನಿನ ತೊಂದರೆ ಅಂತ ನೀವು ಹೇಳಿದ ಇನ್ನೊಂದು, ಚಾರ್ಜಿಗೆ ಹಾಕಿದರೂ ಬ್ಯಾಟರಿ ಇಳಿಯುವುದು. ಅದು ಫೋನಿನ ತಪ್ಪಲ್ಲ. ಹಳೆಯ ಕಾರುಗಳ ಯುಎಸ್‌ಬಿ ಕಿಂಡಿ ಹಲವು ಸಲ ಕೊಡುವುದು ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್ ಅಷ್ಟೇ. ಪರದೆ ಪೂರ್ತಿ ಬೆಳಗುತ್ತಾ ಜಿಪಿಎಸ್ ಓಡುವಾಗ ಅದು ಸಾಲದು. ಲೈಟರ್ ಸಾಕೆಟ್‌ಗೆ ಎರಡು ಆಂಪಿಯರ್‌ಗಿಂತ ಹೆಚ್ಚು ಕೊಡುವ ಚಾರ್ಜರ್ ಹಾಕಿ. ಫೋನನ್ನು ಗಾಜಿಗಲ್ಲ, ಎಸಿ ಕಿಂಡಿಗೆ ಸಿಕ್ಕಿಸಿ, ಬಿಸಿಯ ತಂಟೆಯೂ ಕಡಿಮೆ.

ನಕ್ಷೆಗೆ ಬಂದರೆ, ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಪ್ರದೇಶವನ್ನು ಚೌಕ ಹಾಕಿ ಇಳಿಸಿಕೊಳ್ಳಬಹುದು. ನಾನು ಅದರ ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಇಟ್ಟುಕೊಂಡಿದ್ದೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯ ಮೇಲೆ ನಿಂತಿರುವ ಆ್ಯಪ್, ಇಳಿಸಿದ ಮೇಲೆ ಹುಡುಕುವುದೂ ದಾರಿ ಲೆಕ್ಕ ಹಾಕುವುದೂ ಎಲ್ಲ ಫೋನಿನೊಳಗೇ. ಮುಂದೆ ಎಷ್ಟು ಟ್ರಾಫಿಕ್ ಇದೆ ಅನ್ನುವುದು ಮಾತ್ರ ನೆಟ್ ಇಲ್ಲದೆ ಗೊತ್ತಾಗದು, ಕಾಡಿನಲ್ಲಿ ಅದು ಬೇಕಾಗುವುದೂ ಇಲ್ಲ. ಇಳಿಸುವಾಗ ಹೋಗುವ ದಾರಿಯ ಗೆರೆಯಷ್ಟನ್ನೇ ಮುಚ್ಚುವ ಚೌಕ ಹಾಕಬೇಡಿ. ಅಕ್ಕಪಕ್ಕ ಅಗಲವಾಗಿ ಇಳಿಸಿ. ದಾರಿ ತಪ್ಪಿದಾಗ ತಾನೇ ನಕ್ಷೆ ಬೇಕಾಗುವುದು, ತಪ್ಪಿದವನು ಗೆರೆಯ ಮೇಲೆ ಇರುವುದಿಲ್ಲ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ನಕ್ಷೆ ಇಳಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಲೊಕೇಶನ್ ಆನ್ ಇದೆಯೇ ನೋಡಿ, ಹೊರಗೆ ಬಯಲಿಗೆ ಬಂದು ನಿಲ್ಲಿ. ಚುಕ್ಕೆ ಮೂಡುವವರೆಗೆ ಕಾಯಿರಿ. ಆಮೇಲೆ ನೀವು ಹೋಗಬೇಕಾದ ಊರಿನ ಹೆಸರು ಹಾಕಿ. ದಾರಿ ಬಂದರೆ ಅಲ್ಲೇ ಇಂಟು ಮಾರ್ಕ್ ಒತ್ತಿ, ಒಂದು ಪೆಟ್ರೋಲ್ ಬಂಕ್ ಹುಡುಕಿ ನೋಡಿ.