ತೆತ್ಸು ಎಂಬ ಕಬ್ಬಿಣ

ಪ್ರಶ್ನೆ: ಜಪಾನಿ ಭಾಷೆಯಲ್ಲಿ ಕಬ್ಬಿಣಕ್ಕೆ 'ತೆತ್ಸು' ಎಂದು ಕಲಿತೆ. ನಾನು ಹೇಳಿದರೆ ಜಪಾನಿಯರಿಗೆ ತಟ್ಟನೆ ತಿಳಿಯುವುದಿಲ್ಲ. ಕೆಲವು ಪದಗಳಲ್ಲಿ ಅದು ತೆಕ್, ತೆಪ್ ಎಂದೂ ಆಗುತ್ತದೆ. ಇದಕ್ಕೆ ನಿಯಮವಿದೆಯೇ?

ಉತ್ತರ: ಉಚ್ಚಾರದ ತೊಡಕು ನಮ್ಮ ಒತ್ತಕ್ಷರದಿಂದ ಬರುತ್ತದೆ. 'ಉತ್ಸವ'ದಲ್ಲಿ ಆಗುವಂತೆ ತಕಾರ ಹಿಂದಕ್ಕೆ ಅಂಟಿ, ನಾವು 'ತೆತ್-ಸು' ಎನ್ನುತ್ತೇವೆ. ಛಂದಸ್ಸಿನ ಲೆಕ್ಕದಲ್ಲಿ ಮೊದಲಕ್ಷರ ಗುರು, ಒಟ್ಟು 3 ಮಾತ್ರೆ. ಜಪಾನಿಯರ ಕಿವಿಗೆ ಅದು 2 ಮಾತ್ರೆಯ ಪದ: ತೆ, ತ್ಸು. 'ತೆ' ಹೇಳಿ ಮುಗಿಸಿ, ಆಮೇಲೆ 'ತ್ಸು'ವನ್ನು ಒಂದೇ ಏಟಿಗೆ ಬಿಡಿ. ಕೊನೆಯ ಉಕಾರಕ್ಕೆ ತುಟಿ ಚಾಚಬೇಡಿ, ಅದು ಹೆಚ್ಚುಕಡಿಮೆ ಪಿಸುಮಾತು. 'ತೇ' ಎಂದು ಎಳೆಯುವುದೂ 'ಚು' ಎನ್ನುವುದೂ ತಪ್ಪು.

ಇನ್ನು ಸಂಧಿ. ಮುಂದಿನ ಪದ ಕ, ಸ, ತ, ಹಕಾರಗಳಿಂದ ಶುರುವಾದರೆ ಸಾಮಾನ್ಯವಾಗಿ 'ತ್ಸು' ಕರಗಿ ಆ ವ್ಯಂಜನ ಇಮ್ಮಡಿಸುತ್ತದೆ. ಕ್ಯೋ ಎಂದರೆ ಸೇತುವೆ, ಕಬ್ಬಿಣದ ಸೇತುವೆ ತೆಕ್ಕ್ಯೋ. ಕಬ್ಬಿಣದಲ್ಲಿ ಮಾಡಿದ್ದು ತೆಸ್ಸೇ. ಹಕಾರದ್ದು ಸ್ವಾರಸ್ಯ: ಹಲಗೆ ಎಂಬರ್ಥದ 'ಹನ್' ಸೇರಿದಾಗ ತೆಪ್ಪನ್, ಅಂದರೆ ಕಬ್ಬಿಣದ ತಗಡು. ಕನ್ನಡಿಗರಿಗೆ ಇದು ಹೊಸದೇನಲ್ಲ. ಹಳಗನ್ನಡದ 'ಪಾಲ್' ಹಾಲಾಯಿತು, ಆದರೆ 'ಉಪ್ಪು' ಉಪ್ಪಾಗಿಯೇ ಉಳಿಯಿತು. ಜಪಾನಿಯಲ್ಲೂ ಹಳೆಯ ಪಕಾರ ಕಾಲಕ್ರಮದಲ್ಲಿ ಹಕಾರವಾಗಿ, ಒತ್ತಿನಲ್ಲಿ ಉಳಿದುಕೊಂಡಿದೆ. ಈ ಹೋಲಿಕೆ ನೆನಪಿದ್ದರೆ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ.

ದ, ಬ ಮುಂತಾದವು ಬಂದರೆ 'ತ್ಸು' ಹಾಗೇ ನಿಲ್ಲುತ್ತದೆ: ತೆತ್ಸುದೋ (ಕಬ್ಬಿಣದ ದಾರಿ, ರೈಲುಮಾರ್ಗ), ತೆತ್ಸುಬುನ್ (ಆಹಾರದಲ್ಲಿನ ಕಬ್ಬಿಣಾಂಶ). ನೆಲದಡಿಯ ರೈಲಿಗೆ ಚಿಕತೆತ್ಸು. ಉಕ್ಕಿಗೆ ತೆತ್ಸು ಎನ್ನಬೇಡಿ, ಅದಕ್ಕೆ 'ಹಗನೆ' ಎಂಬ ಬೇರೆ ಪದವಿದೆ.

ಪ್ರಶ್ನೆ: ತೆತ್ಸುವಿನ ಲಿಪಿಚಿಹ್ನೆ ಬರೆಯುವಾಗ ಎಲ್ಲಿ ತಪ್ಪುತ್ತದೆ?

ಉತ್ತರ: ಬಲಭಾಗದಲ್ಲಿ. ಒಟ್ಟು 13 ಗೆರೆಗಳು. ಎಡಕ್ಕೆ ಲೋಹದ ಚಿಹ್ನೆ 8, ಬಲಕ್ಕೆ 'ಕಳೆದುಕೊಳ್ಳು' ಎಂಬ ಚಿಹ್ನೆ 5. ಬಲಭಾಗದಲ್ಲಿ ಎಡಕ್ಕೆ ಬಾಗಿ ಇಳಿಯುವ ಉದ್ದ ಗೆರೆ ಮೇಲಿನ ಅಡ್ಡಗೆರೆಯನ್ನು ದಾಟಿ ತಲೆಯೆತ್ತಬೇಕು. ಅಡ್ಡಗೆರೆಯಲ್ಲೇ ಶುರುವಾದರೆ ಅದು 'ಬಾಣ'ದ ಚಿಹ್ನೆ, ಪರೀಕ್ಷೆಯಲ್ಲಿ ತಪ್ಪು. ಲೋಹದ ಚಿಹ್ನೆಗೆ ಹಣವೆಂಬ ಅರ್ಥವೂ ಇರುವುದರಿಂದ ಇಡೀ ಅಕ್ಷರ 'ಹಣ ಕಳೆದುಕೊಳ್ಳು' ಎಂದು ಓದಿಸಿಕೊಳ್ಳುತ್ತದೆ. ಅದಕ್ಕೇ ಜೆಆರ್ ಗುಂಪಿನ ರೈಲು ಕಂಪನಿಗಳು, ಶಿಕೋಕು ದ್ವೀಪದ ಕಂಪನಿಯೊಂದನ್ನು ಬಿಟ್ಟು, ತಮ್ಮ ಲಾಂಛನದ ಹೆಸರಿನಲ್ಲಿ ಬೇಕೆಂದೇ ಬಾಣದ ರೂಪ ಬಳಸುತ್ತವೆ. ನಿಲ್ದಾಣದಲ್ಲಿ ಅದನ್ನು ನೋಡಿ ನಕಲು ಮಾಡಬೇಡಿ.