ತೆಂಗಿನೆಣ್ಣೆ ಮತ್ತು ಪಿಎಚ್‌ಡಿ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಇದೆ.)

ಆಕೆಗೆ ಮೂವತ್ತರ ಆಸುಪಾಸು. ಉಡುಪಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ, ಜೊತೆಗೆ ಪಾರ್ಟ್‌ಟೈಮ್ ಪಿಎಚ್‌ಡಿ. ಜೋರು ಮಳೆಯ ಶನಿವಾರ ಬಸ್ಸಿಳಿದು ಮಂಗಳೂರಿನ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದರು. ಕೊಡೆ ಮಡಚುವ ಮೊದಲೇ, "ಪಾಠ ಬಿಡ್ಲಾ, ರಿಸರ್ಚ್ ಬಿಡ್ಲಾ? ಒಂದು ಹೇಳಿ ಸಾಕು" ಅಂದರು.

ನಾನು ಹೇಳಲಿಲ್ಲ. ಲ್ಯಾಬಿನಲ್ಲಿ ಏನಾಗ್ತಿದೆ ಅಂತ ಕೇಳಿದೆ.

ಸ್ಟ್ರೋಕ್ ಆದವರು ಕೈ ಎತ್ತುವುದನ್ನು ಮನಸ್ಸಲ್ಲೇ ಊಹಿಸಿದರೂ ಮೆದುಳಿನಲ್ಲಿ 8ರಿಂದ 12 ಹರ್ಟ್ಸ್‌ನ ಒಂದು ಅಲೆ ತಗ್ಗುತ್ತದಂತೆ. ಯಂತ್ರ ಅದನ್ನು ಹಿಡಿದು ಕೈಗೆ ಹಾಕಿದ ಗವಸನ್ನು ಅಲುಗಾಡಿಸಬೇಕು. ರೋಗಿ ಕಲಿತ ಹಾಗೆ ಯಂತ್ರವೂ ತನ್ನನ್ನು ತಿದ್ದಿಕೊಳ್ಳಬೇಕು. ಕೇಳೋಕೆ ಚಂದ. ಆದರೆ ನಮ್ಮೂರಿನ ತಲೆಗಳಿಗೆಲ್ಲ ತೆಂಗಿನೆಣ್ಣೆ. ಅಲೆ ಹಿಡಿಯಲು ತಲೆಗೆ ಅಂಟಿಸುವ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ. ಫ್ಯಾನ್ ಹಾಕಿದರೆ ಕರೆಂಟಿನ 50 ಹರ್ಟ್ಸ್ ಗದ್ದಲ, ಆರಿಸಿದರೆ ಬೆವರು, ಬೆವರಿಗೆ ಸಿಗ್ನಲ್ಲೇ ಜಾರುತ್ತದೆ. ಒಂಬತ್ತು ಜನರಲ್ಲಿ ನಾಲ್ವರ ಡೇಟಾ ಕಸಕ್ಕೆ ಹೋಗಿತ್ತು. "ನಂಗೆ ಇದು ಆಗೋದಲ್ಲ ಮಾರಾಯ್ರೆ" ಅಂದರು.

ಸೋಲಿನ ಮಾತು ಎರಡೇ ನಿಮಿಷ. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಮುಷ್ಟಿ ಬಿಗಿದು ತನ್ನ ಸ್ನಾಯುವಿನ ಸಿಗ್ನಲ್ ಪರದೆ ಮೇಲೆ ಏಳುವುದನ್ನು ನೋಡಿ ಕೂಗಿದ್ದನ್ನು ಹತ್ತು ನಿಮಿಷ ಹೇಳಿದರು. ನಾನು ಗಡಿಯಾರ ನೋಡಿದ್ದೆ. ಆಮೇಲೆ ಅದನ್ನೇ ಹೇಳಿದೆ.

ದುಡ್ಡಿನ ವಿಷಯ ಕಾಗದದ ಮೇಲೆ ಹಾಕಿದೆವು. ಕೆಲಸ ಬಿಟ್ಟು ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಪಡೆದರೂ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಮನೆ ಸಾಲದ ಕಂತು 18,000. ರಾಜೀನಾಮೆ ಬೇಡ, ಸಂಬಳವಿಲ್ಲದ ಒಂದು ವರ್ಷದ ರಜೆ ಸಿಗುತ್ತದಾ ಅಂತ ಬರಹದಲ್ಲಿ ಕೇಳಿ ಅಂದೆ. ಇಂಥ ಕೆಲಸಕ್ಕೆ ಇಂಜಿನಿಯರ್ ಒಬ್ಬರೇ ಸಾಲದು. ಮಂಗಳೂರು, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜುಗಳಿವೆ, ಒಬ್ಬ ಫಿಸಿಯೋಥೆರಪಿಸ್ಟ್ ಜೊತೆಗೆ ಸೇರಿ ಎಥಿಕ್ಸ್ ಕಮಿಟಿಗೆ ಈಗಲೇ ಅರ್ಜಿ ಹಾಕಿ. ಒಪ್ಪಿಗೆಗೆ ತಿಂಗಳುಗಳು ಬೇಕು. ಎಣ್ಣೆ, ಫ್ಯಾನು, ಬೆವರು ಮೂರನ್ನೂ ಫೈನಲ್ ಇಯರ್ ಮಕ್ಕಳ ಪ್ರಾಜೆಕ್ಟ್ ಮಾಡಿ, ಆ ಹಿಂದಿನ ಬೆಂಚಿನವನನ್ನೂ ಸೇರಿಸಿ ಅಂದೆ. ಇದು ಆಕೆಗೆ ತೋಚಿಯೇ ಇರಲಿಲ್ಲ. ಪಾಠ ಒಂದು ಕಡೆ, ಸಂಶೋಧನೆ ಇನ್ನೊಂದು ಕಡೆ ಅಂತಲೇ ಲೆಕ್ಕ ಹಾಕಿದ್ದರು.

ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ ಮನುಷ್ಯರ ಮೆದುಳಿನ ಅಲೆಯನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು ಐದು ವರ್ಷ ಬಿಟ್ಟು, 1929ರಲ್ಲಿ. ಇದನ್ನು ಆಕೆಯೇ ನನಗೆ ಹೇಳಿದರು, ತಮಗೇ ಹೇಳಿಕೊಂಡ ಹಾಗೆ.

ಅಕ್ಟೋಬರಿನಲ್ಲಿ ಮತ್ತೆ ಬಂದರು. ರಜೆಗೆ ಉತ್ತರ ಬಂದಿಲ್ಲ, ಅಮ್ಮ ಇನ್ನೂ ಒಪ್ಪಿಲ್ಲ. ಪ್ರಯೋಗದ ಹಿಂದಿನ ದಿನ ತಲೆ ತೊಳೆದು ಬನ್ನಿ ಅಂತ ಹುಡುಗರು ಚೀಟಿ ಹಂಚುತ್ತಿದ್ದಾರೆ. ಒಬ್ಬ ಅಜ್ಜಿ ಮಾತ್ರ ಚೀಟಿ ವಾಪಸ್ ಕೊಟ್ಟರಂತೆ: "ಎಣ್ಣೆ ಇಲ್ಲದೆ ಅಷ್ಟು ದೂರ ಬರೋದಾ? ತಲೆನೋವು ಬಂದ್ರೆ ಯಾರು ನೋಡ್ತಾರೆ?"